ಬಾಯಿ ಒಂದೇ, ಲೆಕ್ಕ ಬೇರೆ: ಭಾಷೆಗಳ ಧ್ವನಿವ್ಯವಸ್ಥೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಭಾಷಾವಿಜ್ಞಾನದ ಪಾಠ ಹೇಳುವವರಿಗೆ ಮದುವೆಮನೆಯ ಪಂಕ್ತಿಯಲ್ಲೂ ಬಿಡುವಿಲ್ಲ. ಪಕ್ಕದಲ್ಲಿ ಕುಳಿತವರು "ನಿಮ್ಮ ವಿಷಯ ಯಾವುದು" ಎಂದು ವಿಚಾರಿಸಿ, ಉತ್ತರ ಮುಗಿಯುವ ಮೊದಲೇ ತಮ್ಮದೊಂದು ಸಂದೇಹವನ್ನು ಎಲೆಯ ಮೇಲೆ ಬಡಿಸಿಬಿಡುತ್ತಾರೆ. ಹೀಗೆ ಮಾತಿನಲ್ಲಿ, ಪತ್ರಗಳಲ್ಲಿ, ಟಿಪ್ಪಣಿಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು ಇಲ್ಲಿ ಉತ್ತರಿಸಿದ್ದೇನೆ. ಸುಲಭವಾದವು ಮೊದಲು, ತೊಡಕಿನವು ಕೊನೆಗೆ ಬರುತ್ತವೆ.

ಮೊದಲ ಮೆಟ್ಟಿಲು

ಕನ್ನಡದಲ್ಲಿ 49 ಅಕ್ಷರಗಳಿವೆ ಎಂದು ಶಾಲೆಯಲ್ಲಿ ಕಲಿತೆವು. ಹಾಗಾದರೆ ಕನ್ನಡದಲ್ಲಿರುವ ಧ್ವನಿಗಳೂ 49 ತಾನೇ?

ಅಲ್ಲ. ಅಕ್ಷರ ಕಣ್ಣಿಗೆ ಸೇರಿದ್ದು, ಧ್ವನಿ ಕಿವಿಗೆ ಸೇರಿದ್ದು. ಇವೆರಡರ ಲೆಕ್ಕ ಯಾವ ಭಾಷೆಯಲ್ಲೂ ಪೂರ್ತಿ ತಾಳೆಯಾಗುವುದಿಲ್ಲ. 'ಋಷಿ' ಎಂದು ಬರೆದರೂ ನಾವು ಹೇಳುವುದು 'ರುಷಿ' ಎಂದೇ, ಆದ್ದರಿಂದ ಋಕಾರಕ್ಕೆ ನಮ್ಮ ಬಾಯಲ್ಲಿ ಪ್ರತ್ಯೇಕ ಸ್ಥಾನವಿಲ್ಲ. 'ಶೇಷ' ಎಂಬ ಪದದ ಎರಡು ಅಕ್ಷರಗಳನ್ನು ಬೇರೆ ಬೇರೆಯಾಗಿ ಉಚ್ಚರಿಸುವವರು ವಿರಳ. ಮಹಾಪ್ರಾಣದ 10 ಅಕ್ಷರಗಳನ್ನು ಎಚ್ಚರದಿಂದ ಉಚ್ಚರಿಸುವವರೂ ಇದ್ದಾರೆ, ಎಲ್ಲವನ್ನೂ ಅಲ್ಪಪ್ರಾಣದಲ್ಲೇ ಮುಗಿಸುವವರೂ ಇದ್ದಾರೆ. ಇಬ್ಬರೂ ಕನ್ನಡಿಗರೇ, ಆದರೆ ಇಬ್ಬರ ಧ್ವನಿಗಳ ಪಟ್ಟಿ ಒಂದೇ ಅಲ್ಲ. ಇನ್ನೊಂದು ಕಡೆಯಿಂದ ನೋಡಿದರೆ, ನಮ್ಮ ಮಾತಿನಲ್ಲಿದ್ದೂ ಅಕ್ಷರವಿಲ್ಲದ ಧ್ವನಿಗಳಿವೆ. 'ಬ್ಯಾಂಕು', 'ಕ್ಯಾಮೆರಾ' ಪದಗಳ ಮೊದಲ ಸ್ವರ ಆಕಾರವೂ ಅಲ್ಲ, ಏಕಾರವೂ ಅಲ್ಲ. ಅದಕ್ಕೆ ಗುರುತಿಲ್ಲದೆ ಯಕಾರದ ಒತ್ತನ್ನು ಎರವಲು ತಂದಿದ್ದೇವೆ. 'ಫಲ'ಕ್ಕೂ 'ಫೋನಿ'ಗೂ ಒಂದೇ ಅಕ್ಷರ, ಆದರೆ ಮೊದಲನೆಯದರಲ್ಲಿ ಎರಡು ತುಟಿಗಳು ಕೂಡುತ್ತವೆ, ಎರಡನೆಯದರಲ್ಲಿ ಕೆಳತುಟಿ ಮೇಲ್ಹಲ್ಲಿಗೆ ತಾಗುತ್ತದೆ.

ಎರಡು ಸದ್ದುಗಳು ಒಂದು ಭಾಷೆಯಲ್ಲಿ ಬೇರೆ ಬೇರೆ ಎಂದು ಯಾರು ತೀರ್ಮಾನಿಸುವುದು, ಹೇಗೆ?

ಆ ಭಾಷೆಯನ್ನು ಆಡುವವರೇ ತೀರ್ಮಾನಿಸುತ್ತಾರೆ, ಅದೂ ಅರ್ಥದ ಮೂಲಕ. ಊಟಕ್ಕೆ ಕುಳಿತವರು "ಅನ್ನ ಬರಲಿ" ಎನ್ನುವುದಕ್ಕೂ "ಅಣ್ಣ ಬರಲಿ" ಎನ್ನುವುದಕ್ಕೂ ಇರುವ ವ್ಯತ್ಯಾಸ ನಾಲಿಗೆಯ ತುದಿ ಹಲ್ಲಿಗೆ ತಾಗಿತೋ ಅಂಗುಳದ ಕಡೆಗೆ ಮಡಿಸಿಕೊಂಡಿತೋ ಎಂಬುದಷ್ಟೇ. ಉಳಿದುದೆಲ್ಲ ಒಂದೇ ಆಗಿದ್ದು, ಒಂದೇ ಒಂದು ಸದ್ದು ಬದಲಾದಾಗ ಅರ್ಥವೂ ಬದಲಾದರೆ, ಆ ಎರಡು ಸದ್ದುಗಳು ಆ ಭಾಷೆಯಲ್ಲಿ ಎರಡು 'ಧ್ವನಿಮಾ'ಗಳು. ಕಾಲು ಮತ್ತು ಕಾಳು, ಬೆಲೆ ಮತ್ತು ಬೆಳೆ, ತಡ ಮತ್ತು ದಡ, ಕೆರೆ ಮತ್ತು ಕೇರೆ, ಕತೆ ಮತ್ತು ಕತ್ತೆ ಇಂಥ ಜೋಡಿಗಳು. ಕೊನೆಯ ಎರಡು ಜೋಡಿಗಳನ್ನು ಗಮನಿಸಬೇಕು: ಅಲ್ಲಿ ಬದಲಾದದ್ದು ಸದ್ದಿನ ಜಾತಿಯಲ್ಲ, ಅದನ್ನು ಹಿಡಿದಿಟ್ಟ ಹೊತ್ತು. ಸ್ವರವನ್ನೂ ವ್ಯಂಜನವನ್ನೂ ಹೀಗೆ ಎಳೆದು ಅರ್ಥ ಬೇರೆ ಮಾಡುವುದು ಕನ್ನಡಕ್ಕೆ ಸಹಜ. ಇಂಗ್ಲಿಷಿನವರಿಗೆ ಇದು ಹೊಸದು, ಆದ್ದರಿಂದಲೇ ಹೊಸದಾಗಿ ಕನ್ನಡ ಕಲಿಯುವ ಅವರು ಕತೆ ಹೇಳಲು ಹೋಗಿ ಕತ್ತೆಯನ್ನು ಕರೆತರುವುದುಂಟು.

ಅಮೆರಿಕದಲ್ಲಿ ಹುಟ್ಟಿ ಬೆಳೆದ ನನ್ನ ಚಿಕ್ಕ ಮೊಮ್ಮಗ ತನ್ನ ಅಣ್ಣನನ್ನು 'ಅನ್ನ, ಅನ್ನ' ಎಂದೇ ಕರೆಯುತ್ತಾನೆ. ಎಷ್ಟು ತಿದ್ದಿದರೂ ಅವನಿಗೆ ವ್ಯತ್ಯಾಸವೇ ಕೇಳಿಸುವುದಿಲ್ಲವಂತೆ. ಕಿವಿಯ ದೋಷವೇ?

ಕಿವಿ ಚೆನ್ನಾಗಿಯೇ ಇದೆ. ಅದು ಇಂಗ್ಲಿಷಿಗೆ ಪಳಗಿದೆ. ಇಂಗ್ಲಿಷಿನಲ್ಲಿ ನಾಲಿಗೆ ಹಲ್ಲಿಗೂ ತಾಗದೆ, ಹಿಂದಕ್ಕೂ ಮಡಿಸಿಕೊಳ್ಳದೆ ಮೇಲ್ಹಲ್ಲಿನ ಹಿಂದಿರುವ ವಸಡಿನ ಉಬ್ಬಿಗೆ ತಾಗಿ ಇಂಥ ಧ್ವನಿಗಳನ್ನು ಹುಟ್ಟಿಸುತ್ತದೆ. ನಮ್ಮ ನಕಾರ, ಣಕಾರ ಎರಡೂ ಆ ಕಿವಿಯಲ್ಲಿ ಒಂದೇ ಗೂಡಿಗೆ ಬೀಳುತ್ತವೆ.

1984ರಲ್ಲಿ ಜ್ಯಾನೆಟ್ ವೆರ್ಕರ್ ಮತ್ತು ರಿಚರ್ಡ್ ಟೀಸ್ ಎಂಬ ಮನೋವಿಜ್ಞಾನಿಗಳು ಕೆನಡಾದ ಇಂಗ್ಲಿಷ್ ಮನೆಗಳ ಕೂಸುಗಳ ಮೇಲೆ ನಡೆಸಿದ ಅಧ್ಯಯನವನ್ನು ಪ್ರಕಟಿಸಿದರು. ಆರರಿಂದ ಎಂಟು ತಿಂಗಳ ಕೂಸುಗಳು ಹಿಂದಿಯ ದಂತ್ಯ (ಹಲ್ಲಿಗೆ ತಾಗಿಸಿ ಹೇಳುವ) ತಕಾರವನ್ನೂ ಮೂರ್ಧನ್ಯ (ನಾಲಿಗೆ ಮಡಿಸಿ ಹೇಳುವ) ಟಕಾರವನ್ನೂ ಬೇರೆ ಬೇರೆಯಾಗಿ ಗುರುತಿಸಿದವು. ಹತ್ತರಿಂದ ಹನ್ನೆರಡು ತಿಂಗಳ ಹೊತ್ತಿಗೆ ಹೆಚ್ಚಿನವುಗಳಲ್ಲಿ ಆ ಶಕ್ತಿ ಕುಗ್ಗಿತ್ತು. ಅಂದರೆ ಮಗು ಮಾತು ಕಲಿಯುವ ಮೊದಲೇ, ತನ್ನ ಮನೆಯ ಭಾಷೆಗೆ ಬೇಕಿಲ್ಲದ ವ್ಯತ್ಯಾಸಗಳನ್ನು ಕಡೆಗಣಿಸಲು ಕಲಿಯುತ್ತದೆ. ಅಜ್ಜ ಅಜ್ಜಿಯರು ಮೊಮ್ಮಗನನ್ನು ನೋಡಿ ನಗುವ ಮೊದಲು ತಾವೇ ಒಂದು ಪರೀಕ್ಷೆ ಮಾಡಿಕೊಳ್ಳಬಹುದು. ಅಂಗಿಯ ಒಳಗೆ ತೊಡುವ 'ವೆಸ್ಟ್' ಮತ್ತು ಪಶ್ಚಿಮ ದಿಕ್ಕಿನ 'ವೆಸ್ಟ್' ಇಂಗ್ಲಿಷಿನಲ್ಲಿ ಎರಡು ಬೇರೆ ಉಚ್ಚಾರಣೆಗಳು: ಒಂದರಲ್ಲಿ ಕೆಳತುಟಿ ಹಲ್ಲಿಗೆ ತಾಗುತ್ತದೆ, ಇನ್ನೊಂದರಲ್ಲಿ ತುಟಿಗಳು ದುಂಡಾಗುತ್ತವೆ. ನಮಗೆ ಎರಡೂ ಒಂದೇ ವಕಾರ. ಮೊಮ್ಮಗ ಈ ವಿಷಯದಲ್ಲಿ ನಮ್ಮನ್ನು ತಿದ್ದಬಲ್ಲ.

ಇಂಗ್ಲಿಷಿನಲ್ಲಿ ಮಹಾಪ್ರಾಣವೇ ಇಲ್ಲ ಎನ್ನುತ್ತಾರೆ, ನಿಜವೇ?

ಮಹಾಪ್ರಾಣದ ಸದ್ದು ಇದೆ, ಅದಕ್ಕೆ ಅಲ್ಲಿ ಕೆಲಸವಿಲ್ಲ. ಒಂದು ತೆಳುವಾದ ಕಾಗದದ ಚೂರನ್ನು ತುಟಿಯ ಮುಂದೆ ಎರಡು ಬೆರಳಿನಷ್ಟು ದೂರದಲ್ಲಿ ತೂಗಬಿಟ್ಟು ಇಂಗ್ಲಿಷ್ ಮನೆಮಾತಿನವರೊಬ್ಬರಿಂದ 'ಪಿನ್' ಎಂದೂ 'ಸ್ಪಿನ್' ಎಂದೂ ಹೇಳಿಸಿ. 'ಪಿನ್' ಎಂದಾಗ ಕಾಗದ ಹಾರುತ್ತದೆ, 'ಸ್ಪಿನ್' ಎಂದಾಗ ಅಲುಗುವುದೂ ಇಲ್ಲ. ಮೊದಲನೆಯದು ನಮ್ಮ ಕಿವಿಗೆ ಹೆಚ್ಚುಕಡಿಮೆ 'ಫಿನ್', ಮಹಾಪ್ರಾಣದ ಪಕಾರ. ಆದರೆ ಯಾವಾಗ ಉಸಿರು ನುಗ್ಗಬೇಕು, ಯಾವಾಗ ನುಗ್ಗಬಾರದು ಎಂಬುದನ್ನು ಅಲ್ಲಿ ಅಕ್ಕಪಕ್ಕದ ಧ್ವನಿಗಳೇ ನಿರ್ಧರಿಸುತ್ತವೆ. ಅದರಿಂದ ಅರ್ಥ ಬದಲಾಗುವುದಿಲ್ಲ, ಮಾತನಾಡುವವರಿಗೆ ತಾವು ಎರಡು ಬಗೆಯ ಪಕಾರವನ್ನು ಬಳಸುತ್ತಿದ್ದೇವೆ ಎಂಬ ಅರಿವೂ ಇರುವುದಿಲ್ಲ. ಹಿಂದಿಯಲ್ಲಾದರೆ 'ಪಲ್' ಎಂದರೆ ಕ್ಷಣ, 'ಫಲ್' ಎಂದರೆ ಹಣ್ಣು. ಒಂದೇ ಜೋಡಿ ಸದ್ದು ಹಿಂದಿಯಲ್ಲಿ ಎರಡು ಧ್ವನಿಮಾಗಳು, ಇಂಗ್ಲಿಷಿನಲ್ಲಿ ಒಂದೇ ಧ್ವನಿಮಾದ ಎರಡು ವೇಷಗಳು. ಈ ವೇಷಗಳಿಗೆ 'ಉಪಧ್ವನಿ' ಎನ್ನುತ್ತಾರೆ.

ನಮ್ಮಲ್ಲೂ ಇಂಥ ವೇಷಗಳಿವೆ. ಪದದ ಮೊದಲಲ್ಲಿ ಬರುವ ಎಕಾರಕ್ಕೆ ನಾವು ಅರಿಯದೆಯೇ ಯಕಾರದ ಎಳೆಯೊಂದನ್ನು, ಒಕಾರಕ್ಕೆ ವಕಾರದ ಎಳೆಯೊಂದನ್ನು ಸೇರಿಸುತ್ತೇವೆ: ಎಲೆ 'ಯೆಲೆ'ಯಾಗುತ್ತದೆ, ಒಂದು 'ವೊಂದು' ಆಗುತ್ತದೆ. ಇದೇ ಅಭ್ಯಾಸ ಇಂಗ್ಲಿಷಿಗೂ ಹರಿದು 'ಓನ್ಲಿ' ಎಂಬುದು 'ವೋನ್ಲಿ'ಯಾದಾಗ ಹೊರಗಿನವರು ತಕ್ಷಣ ಗುರುತಿಸುತ್ತಾರೆ. ನಮಗೆ ಕೇಳಿಸುವುದೇ ಇಲ್ಲ.

ತಮಿಳಿನಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರವಂತೆ. ಅವರಿಗೆ ಗೊಂದಲವಾಗುವುದಿಲ್ಲವೇ?

ಅಚ್ಚ ತಮಿಳು ಪದಗಳಲ್ಲಿ ಆಗುವುದಿಲ್ಲ, ಏಕೆಂದರೆ ಸದ್ದು ಯಾವುದೆಂಬುದನ್ನು ಸ್ಥಾನವೇ ಹೇಳುತ್ತದೆ. ಪದದ ಆರಂಭದಲ್ಲಿಯೂ ಒತ್ತಕ್ಷರದಲ್ಲಿಯೂ ಕಕಾರ. ಎರಡು ಸ್ವರಗಳ ನಡುವೆ ಅಥವಾ ಅನುನಾಸಿಕದ ಬಳಿಕ ಗಕಾರದಂಥ ಸದ್ದು. 'ಮಗನ್' ಎಂದು ನಮಗೆ ಕೇಳಿಸುವುದನ್ನು ಅವರು 'ಮಕನ್' ಎಂದು ಬರೆಯುತ್ತಾರೆ, ಓದುವಾಗ ಸದ್ದು ತಾನಾಗಿಯೇ ಮೆದುವಾಗುತ್ತದೆ. ಕನ್ನಡದಲ್ಲಿ ಕಾಳಿ ಬೇರೆ, ಗಾಳಿ ಬೇರೆ ಆದ್ದರಿಂದ ನಮಗೆ ಎರಡು ಅಕ್ಷರಗಳು ಬೇಕೇಬೇಕು. ಎರವಲು ಪದಗಳು ಬಂದ ಮೇಲೆ ತಮಿಳಿನಲ್ಲೂ ಈ ಅಚ್ಚುಕಟ್ಟು ಸಡಿಲಿದೆ: 'ಬಸ್' ಎಂಬುದನ್ನು ಪಕಾರದಲ್ಲಿ ಬರೆದರೂ ಎಲ್ಲರೂ ಹೇಳುವುದು ಬಕಾರವನ್ನೇ.

ಇನ್ನಷ್ಟು ದೂರ ಹೋದರೆ

ಜಗತ್ತಿನಲ್ಲಿ ಅತಿ ಹೆಚ್ಚು ಧ್ವನಿಗಳಿರುವ ಭಾಷೆ ಯಾವುದು, ಅತಿ ಕಡಿಮೆ ಇರುವುದು ಯಾವುದು?

ಕಡಿಮೆಯ ಕಡೆಯಲ್ಲಿ ಪಪುವಾ ನ್ಯೂಗಿನಿಯ ಬೂಗನ್‌ವಿಲ್ ದ್ವೀಪದ ರೊಟೊಕಾಸ್ ಭಾಷೆಯನ್ನು ಹೆಸರಿಸುವುದು ರೂಢಿ. ಅದರ ಒಂದು ಉಪಭಾಷೆಯಲ್ಲಿ ಆರು ವ್ಯಂಜನಗಳು, ಐದು ಸ್ವರಗಳು, ಒಟ್ಟು 11 ಧ್ವನಿಮಾಗಳು. ಹವಾಯಿಯ ಭಾಷೆಯಲ್ಲಿ ವ್ಯಂಜನಗಳು ಎಂಟೇ. ಹೆಚ್ಚಿನ ಕಡೆಯಲ್ಲಿ ಆಫ್ರಿಕಾದ ಬೋಟ್ಸ್ವಾನಾ ಮತ್ತು ನಮೀಬಿಯಾಗಳ ತಾ ಭಾಷೆ ನಿಲ್ಲುತ್ತದೆ. ಅದರ ವ್ಯಂಜನಗಳ ಸಂಖ್ಯೆ ಎಣಿಸುವ ಕ್ರಮಕ್ಕೆ ತಕ್ಕಂತೆ ಬದಲಾಗುತ್ತದೆ, ಕೆಲವು ಎಣಿಕೆಗಳಲ್ಲಿ ನೂರನ್ನೂ ದಾಟುತ್ತದೆ. ಕಾಕಸಸ್ ಸೀಮೆಯಿಂದ ಟರ್ಕಿಗೆ ವಲಸೆ ಬಂದವರ ಉಬಿಖ್ ಭಾಷೆಯದು ಇನ್ನೂ ವಿಚಿತ್ರ ಲೆಕ್ಕ: ವ್ಯಂಜನಗಳು 80ಕ್ಕೂ ಹೆಚ್ಚು, ಸ್ವರಗಳು ಎರಡೇ ಎರಡು. ಅದನ್ನು ನಿರರ್ಗಳವಾಗಿ ಆಡುತ್ತಿದ್ದ ಕೊನೆಯ ವ್ಯಕ್ತಿ ತೆವ್‌ಫಿಕ್ ಎಸೆಂಚ್ 1992ರಲ್ಲಿ ತೀರಿಕೊಂಡರು.

ತಾ ಭಾಷೆಯ ಹೆಚ್ಚಿನ ವ್ಯಂಜನಗಳು ನಾಲಿಗೆಯನ್ನು ಅಂಗುಳಕ್ಕೆ ಅಂಟಿಸಿ ಸೆಳೆದು ಬಿಡುವ 'ಕ್ಲಿಕ್' ಸದ್ದುಗಳು. ಇವು ನಮಗೆ ಅಪರಿಚಿತವೆಂದು ಭಾವಿಸಬೇಕಿಲ್ಲ. ಯಾರದೋ ಕಷ್ಟ ಕೇಳಿ ಲೊಚಗುಟ್ಟುವಾಗ ನಾವು ಮಾಡುವ ಸದ್ದು ದಂತ್ಯ ಕ್ಲಿಕ್. ಎತ್ತು ಕುದುರೆಗಳನ್ನು ಹೊರಡಿಸಲು ಕೆನ್ನೆಯ ಬದಿಯಿಂದ ಎಬ್ಬಿಸುವ ಸದ್ದು ಇನ್ನೊಂದು ಬಗೆಯದು. ದಕ್ಷಿಣ ಆಫ್ರಿಕಾದ ಖೋಸಾ, ಜುಲು ಭಾಷೆಗಳಲ್ಲಿ ಇವೇ ಸದ್ದುಗಳು ನಮ್ಮ ಕಕಾರ ಚಕಾರಗಳಂತೆ ಪದ ಕಟ್ಟುತ್ತವೆ. ಬಾಯಿಗೆ ಬಾರದ್ದೆಂದು ಅವು ಕನ್ನಡದ ವ್ಯಂಜನವಾಗದೆ ಉಳಿದಿಲ್ಲ. ಭಾಷೆ ಅವನ್ನು ಆ ಕೆಲಸಕ್ಕೆ ತೆಗೆದುಕೊಂಡಿಲ್ಲ, ಅಷ್ಟೆ.

ಸಂಸ್ಕೃತದ ವರ್ಣಮಾಲೆಯಲ್ಲಿ ಜಗತ್ತಿನ ಎಲ್ಲ ಧ್ವನಿಗಳೂ ಅಡಗಿವೆ ಎಂದು ಓದಿದ್ದೇನೆ. ನೀವೇನೆನ್ನುತ್ತೀರಿ?

ಜಗತ್ತಿನ ಮಾತಿರಲಿ, ಕನ್ನಡದ ಧ್ವನಿಗಳೇ ಅದರಲ್ಲಿ ಪೂರ್ತಿಯಾಗಿಲ್ಲ. ಸಂಸ್ಕೃತದಲ್ಲಿ ಹ್ರಸ್ವ ಎ, ಒ ಇಲ್ಲ. ನಮಗೆ ಎರಡೂ ಇಲ್ಲದೆ ಒಂದು ದಿನವೂ ನಡೆಯದು. ಹಳಗನ್ನಡದ ೞ, ಱ ಅಲ್ಲಿರಲಿಲ್ಲ. 13ನೆಯ ಶತಮಾನದ ಕೇಶಿರಾಜ ತನ್ನ ವ್ಯಾಕರಣದಲ್ಲಿ ೞಕಾರಕ್ಕೆ ಅಷ್ಟೊಂದು ಜಾಗ ಕೊಟ್ಟಿರುವುದು ಆ ಧ್ವನಿ ಸಂಸ್ಕೃತದ ಚೌಕಟ್ಟಿನಲ್ಲಿ ಕೂರುತ್ತಿರಲಿಲ್ಲವಾದ್ದರಿಂದಲೂ, ಜನರ ಬಾಯಲ್ಲಿ ಅದು ಸವೆಯುತ್ತಿದ್ದುದರಿಂದಲೂ ಇದ್ದೀತು. ಆ ವರ್ಣಮಾಲೆಯ ನಿಜವಾದ ಹಿರಿಮೆ ಇರುವುದು ಜೋಡಣೆಯಲ್ಲಿ. ಕ, ಚ, ಟ, ತ, ಪ ಎಂದು ಮೇಲಿನಿಂದ ಕೆಳಕ್ಕೆ ಇಳಿದರೆ ಸದ್ದು ಹುಟ್ಟುವ ಜಾಗ ಗಂಟಲಿನ ಕಡೆಯಿಂದ ತುಟಿಯತ್ತ ಸರಿಯುತ್ತದೆ. ಕ, ಖ, ಗ, ಘ, ಙ ಎಂದು ಸಾಗಿದರೆ ಜಾಗ ಅದೇ ಇದ್ದು ರೀತಿ ಬದಲಾಗುತ್ತದೆ. ಇಂಗ್ಲಿಷಿನ ಅಕ್ಷರಮಾಲೆಯ ಕ್ರಮದಲ್ಲಿ ಇಂಥ ಯಾವ ತರ್ಕವೂ ಇಲ್ಲ. 1886ರಲ್ಲಿ ಪ್ಯಾರಿಸ್ಸಿನಲ್ಲಿ ಆರಂಭವಾದ ಅಂತರರಾಷ್ಟ್ರೀಯ ಧ್ವನಿವಿಜ್ಞಾನ ಸಂಘದ ಪಟ್ಟಿಯೂ ಜಾಗವನ್ನು ಒಂದು ದಿಕ್ಕಿಗೆ, ರೀತಿಯನ್ನು ಇನ್ನೊಂದು ದಿಕ್ಕಿಗೆ ಇಟ್ಟುಕೊಂಡೇ ಕಟ್ಟಿದ್ದು. ಒಂದನೆಯ ತರಗತಿಯ ಮಗು ಬಾಯಿಪಾಠ ಮಾಡುವ ವರ್ಣಮಾಲೆಯಲ್ಲಿ ಇಷ್ಟು ಶಾಸ್ತ್ರವಿದೆ ಎಂಬುದನ್ನು ಹೇಳಿಕೊಡುವ ಮೇಷ್ಟ್ರುಗಳು ಕಡಿಮೆ, ಅದು ನನಗಿರುವ ಸಣ್ಣ ಬೇಸರ.

ಚೀನಾದವರು ಹಾಡಿದ ಹಾಗೆ ಮಾತನಾಡುತ್ತಾರೆ. ನಾವೂ ದನಿ ಏರಿಸಿ ಇಳಿಸಿ ಮಾತನಾಡುತ್ತೇವಲ್ಲ, ವ್ಯತ್ಯಾಸವೇನು?

ನಾವು ದನಿಯನ್ನು ಏರಿಳಿಸುವುದು ಇಡೀ ವಾಕ್ಯದ ಮೇಲೆ. "ಬಂದ" ಎಂಬುದನ್ನು ದನಿ ಇಳಿಸಿ ಹೇಳಿದರೆ ಸುದ್ದಿ, ಏರಿಸಿ ಹೇಳಿದರೆ ಪ್ರಶ್ನೆ. ಎರಡರಲ್ಲೂ ಬರುವ ಕ್ರಿಯೆ ಒಂದೇ. ಚೀನಾದ ಮ್ಯಾಂಡರಿನ್ ಭಾಷೆಯಲ್ಲಿ ಏರಿಳಿತ ಪದಕ್ಕೇ ಅಂಟಿಕೊಂಡಿದೆ. ಅಲ್ಲಿ 'ಮಾ' ಎಂಬುದನ್ನು ಎತ್ತರದ ಸಮದನಿಯಲ್ಲಿ ಹೇಳಿದರೆ ತಾಯಿ, ಏರುದನಿಯಲ್ಲಿ ಸೆಣಬು, ಇಳಿದು ಏರಿದರೆ ಕುದುರೆ, ಥಟ್ಟನೆ ಇಳಿಸಿದರೆ ಬೈಯುವುದು. ನಾಲ್ಕೂ ಅವರಿಗೆ ನಮ್ಮ ಅನ್ನ ಅಣ್ಣಗಳಷ್ಟೇ ಬೇರೆ. ಇದನ್ನು 'ತಾನ' ಎಂದು ಕರೆಯುತ್ತಾರೆ.

ತಾನಕ್ಕಾಗಿ ಚೀನಾದವರೆಗೆ ಹೋಗಬೇಕಿಲ್ಲ, ಮಣಿಪುರಿ ಮತ್ತು ಮಿಜೋ ತಾನಭಾಷೆಗಳೇ. ಪಂಜಾಬಿಯ ಕಥೆ ಇನ್ನೂ ಸ್ವಾರಸ್ಯದ್ದು. ಅಲ್ಲಿ ಘ, ಝ, ಢ, ಧ, ಭ ಎಂಬ ಘೋಷ ಮಹಾಪ್ರಾಣಗಳು ಮಾತಿನಿಂದ ಮರೆಯಾದವು, ಆದರೆ ಹೋಗುವಾಗ ಪಕ್ಕದ ಸ್ವರದ ಮೇಲೆ ತಮ್ಮ ಗುರುತನ್ನು ಬಿಟ್ಟುಹೋದವು. ಕುದುರೆ ಎಂಬರ್ಥದ 'ಘೋಡಾ' ಪದವನ್ನು ಘಕಾರದಲ್ಲೇ ಬರೆದರೂ ಪಂಜಾಬಿನವರು ಉಚ್ಚರಿಸುವುದು ಕಕಾರವನ್ನು, ತಗ್ಗಿದ ದನಿಯೊಂದಿಗೆ. ಚಾಟಿ ಎಂಬರ್ಥದ 'ಕೋಡಾ'ದಲ್ಲಿ ಆ ತಗ್ಗು ಇಲ್ಲ. ಕುದುರೆಗೂ ಚಾಟಿಗೂ ಉಳಿದ ಅಂತರ ದನಿಯೊಂದೇ.

ಬಸ್ಸು, ಕಾರು, ಇಸ್ಕೂಲು, ಟೇಸನ್ನು: ನಾವು ಇಂಗ್ಲಿಷ್ ಪದಗಳನ್ನು ಯಾಕೆ ಹೀಗೆ ಕೆಡಿಸುತ್ತೇವೆ?

ಕೆಡಿಸುವುದಿಲ್ಲ, ನಮ್ಮ ಅಳತೆಗೆ ಹೊಲಿದುಕೊಳ್ಳುತ್ತೇವೆ. ಪ್ರತಿಯೊಂದು ಭಾಷೆಗೂ ತನ್ನ ಧ್ವನಿಗಳು ಯಾವ ಸರದಿಯಲ್ಲಿ ನಿಲ್ಲಬಹುದು ಎಂಬ ಕಟ್ಟಳೆಯಿದೆ. ಹಳಗನ್ನಡದಲ್ಲಿ ಕಾಲ್, ಪಾಲ್ ಎಂದು ವ್ಯಂಜನದಲ್ಲಿ ಮುಗಿಯುತ್ತಿದ್ದ ಪದಗಳು ಮುಂದೆ ಉಕಾರ ಪಡೆದು ಕಾಲು, ಹಾಲು ಆದವು. ಬಳಿಕ ಬಂದ ಬಸ್ಸು ಕಾರುಗಳೂ ಅದೇ ಸಾಲಿನಲ್ಲಿ ನಿಂತವು. ಪದದ ಆರಂಭದಲ್ಲಿ ಎರಡು ವ್ಯಂಜನಗಳು ಒಟ್ಟಿಗೆ ಬರುವುದು ಹಳೆಯ ಕಟ್ಟಳೆಗೆ ವಿರೋಧ. ಅದನ್ನು ಸರಿಪಡಿಸಲು ಮುಂದೊಂದು ಸ್ವರ ಇಟ್ಟರೆ ಇಸ್ಕೂಲು, ನಡುವೆ ಇಟ್ಟರೆ ಸಿಲೇಟು, ಒಂದು ವ್ಯಂಜನವನ್ನೇ ಬಿಟ್ಟರೆ ಟೇಸನ್ನು. ಸಂಸ್ಕೃತಕ್ಕೂ ನಾವು ಇದೇ ಉಪಚಾರ ಮಾಡಿದ್ದೇವೆ: ಶ್ರೀ ಸಿರಿಯಾಯಿತು, ಸ್ನೇಹ ನೇಹವಾಯಿತು. ಅದಕ್ಕೆ ತದ್ಭವ ಎಂಬ ಗೌರವದ ಹೆಸರು, ಇಸ್ಕೂಲಿಗೆ ಮಾತ್ರ ನಗು.

ಜಪಾನಿ ಭಾಷೆ ಈ ವಿಷಯದಲ್ಲಿ ನಮಗಿಂತ ಕಟ್ಟುನಿಟ್ಟು. 'ಸ್ಟ್ರೈಕ್' ಎಂಬುದು ಅಲ್ಲಿ 'ಸುತೊರೈಕು'. ಹವಾಯಿಯಲ್ಲಿ ಸಕಾರವೂ ಇಲ್ಲ, ರಕಾರವೂ ಇಲ್ಲ, ವ್ಯಂಜನಗಳು ಜೋಡಿಯಾಗುವಂತೆಯೂ ಇಲ್ಲ; ಆದ್ದರಿಂದ 'ಮೆರಿ ಕ್ರಿಸ್ಮಸ್' ಎಂಬುದು 'ಮೆಲೆ ಕಲಿಕಿಮಕ' ಆಗುತ್ತದೆ. ಇದಕ್ಕೆ ತದ್ವಿರುದ್ಧವಾಗಿ ಜಾರ್ಜಿಯಾದ ಭಾಷೆಯಲ್ಲಿ ಎಂಟು ವ್ಯಂಜನಗಳು ಸಾಲಾಗಿ ನಿಂತ ಮೇಲೆ ಒಂದೇ ಒಂದು ಸ್ವರ ಬರುವ ಕ್ರಿಯಾಪದವಿದೆ. 'ನೀನು ನಮ್ಮ ಸಿಪ್ಪೆ ಸುಲಿಯುತ್ತೀಯೆ' ಎಂಬುದು ಅದರ ಅರ್ಥ. ಆಡಲು ಹೊರಟ ಕನ್ನಡಿಗನ ಸ್ಥಿತಿಯೂ ಅದೇ.

ನಮ್ಮ ಛಂದಸ್ಸಿನ ಲಘು, ಗುರು, ಮಾತ್ರೆಗಳು ಬೇರೆ ಭಾಷೆಗಳಿಗೂ ಹೊಂದುತ್ತವೆಯೇ?

ಕೆಲವಕ್ಕೆ ಚೆನ್ನಾಗಿ ಹೊಂದುತ್ತವೆ. ಜಪಾನಿನ ಹಾಯ್ಕು ಪದ್ಯ 5, 7, 5ರ ಲೆಕ್ಕದಲ್ಲಿ ನಡೆಯುತ್ತದೆ. ಅಲ್ಲಿ ಎಣಿಸುವುದು ಅಕ್ಷರಗಳನ್ನಲ್ಲ, ಹೆಚ್ಚುಕಡಿಮೆ ನಮ್ಮ ಮಾತ್ರೆಗಳನ್ನು. 'ತೋಕ್ಯೋ' ಎಂಬ ನಗರದ ಹೆಸರು ಅವರಿಗೆ ನಾಲ್ಕು ಎಣಿಕೆ, ಏಕೆಂದರೆ ದೀರ್ಘಸ್ವರಕ್ಕೆ ಎರಡು. 'ನಿಪ್ಪೊನ್' ಕೂಡ ನಾಲ್ಕು, ಏಕೆಂದರೆ ಒತ್ತಿನ ಪಕಾರಕ್ಕೂ ಕೊನೆಯ ನಕಾರಕ್ಕೂ ಒಂದೊಂದು. ಈ ಎರಡು ಪದಗಳಿಗೆ ಕನ್ನಡದ ಕ್ರಮದಲ್ಲಿ ಪ್ರಸ್ತಾರ ಹಾಕಿದರೆ ಎರಡೂ ಗುರು ಗುರು, ಒಟ್ಟು ನಾಲ್ಕು ಮಾತ್ರೆ. ಇಂಗ್ಲಿಷ್ 'ರೆಕರ್ಡ್' ಎಂಬುದರಲ್ಲಿ ಮಾತ್ರ ಈ ಲೆಕ್ಕ ಸಾಲದು. ಬಲವನ್ನು ಮೊದಲ ಭಾಗದ ಮೇಲೆ ಹಾಕಿದರೆ ಅದು ನಾಮಪದ, ಎರಡನೆಯದರ ಮೇಲೆ ಹಾಕಿದರೆ ಕ್ರಿಯಾಪದ. ಕನ್ನಡ ಬಲವನ್ನು ಹೀಗೆ ಅರ್ಥಭೇದಕ್ಕೆ ಬಳಸುವುದಿಲ್ಲ.

ತೊಡಕಿನ ಪ್ರಶ್ನೆಗಳು

'ಬ್ಯಾಡ', 'ಮ್ಯಾಲೆ', 'ಪ್ಯಾಟೆ' ಎನ್ನುವುದು ಅಶುದ್ಧ ಉಚ್ಚಾರಣೆಯಲ್ಲವೇ? ಬಾಯಿಗೆ ಬಂದಂತೆ ಹೇಳಿದ್ದನ್ನೆಲ್ಲ ಭಾಷೆ ಎನ್ನಲಾಗುತ್ತದೆಯೇ?

ಬಾಯಿಗೆ ಬಂದಂತೆ ಹೇಳುವವರಾಗಿದ್ದರೆ ಅವರು ಬೇಕು ಎಂಬುದನ್ನೂ 'ಬ್ಯಾಕು' ಎನ್ನಬೇಕಿತ್ತು, ಹೇಳು ಎಂಬುದನ್ನು 'ಹ್ಯಾಳು' ಎನ್ನಬೇಕಿತ್ತು. ಯಾರೂ ಹಾಗೆನ್ನುವುದಿಲ್ಲ. ಬೇಡ, ಮೇಲೆ, ಪೇಟೆ, ಮೇಕೆ, ದೇವರು ಎಂಬವು ಬ್ಯಾಡ, ಮ್ಯಾಲೆ, ಪ್ಯಾಟೆ, ಮ್ಯಾಕೆ, ದ್ಯಾವರು ಆಗುತ್ತವೆ. ಬೇಕು, ಹೇಳು, ಬೇರು, ತೇರು, ಕೇರಿ, ದೇವಿ ಎಂಬವು ಇದ್ದಂತೆಯೇ ಇರುತ್ತವೆ. ಎರಡು ಪಟ್ಟಿಗಳನ್ನೂ ಪಕ್ಕದಲ್ಲಿಟ್ಟು ಎರಡನೆಯ ಅಕ್ಷರದ ಸ್ವರವನ್ನು ನೋಡಿದರೆ ಗುಟ್ಟು ಬಿಡುತ್ತದೆ. ಮುಂದೆ ಅ ಅಥವಾ ಎ ಇದ್ದಾಗ ಬಾಯಿ ಮೊದಲೇ ಅಗಲವಾಗುತ್ತದೆ. ಇ ಅಥವಾ ಉ ಇದ್ದಾಗ ಆಗುವುದಿಲ್ಲ. ಬೇಸಿಗೆ ಎನ್ನುವ ಕಡೆ ಏಕಾರ ಉಳಿದು, ಬೇಸಗೆ ಎನ್ನುತ್ತಿದ್ದ ಕಡೆ 'ಬ್ಯಾಸಗಿ' ಆಗಿರುವುದಕ್ಕೂ ಇದೇ ಕಾರಣ. ಓಕಾರದಲ್ಲೂ ಇಂಥದೇ ವ್ಯತ್ಯಾಸವಿದೆ: ಈ ಮಾತಿನಲ್ಲಿ ಕೋಟೆಯ ಓಕಾರ ಕೋಳಿಯ ಓಕಾರಕ್ಕಿಂತ ಅಗಲ. ತೋರಿಸಲು ಅಕ್ಷರವಿಲ್ಲದ್ದರಿಂದ ಅದು ಯಾರ ಕಣ್ಣಿಗೂ ಬಿದ್ದಿಲ್ಲ, ಹಾಗಾಗಿ ಅದನ್ನು ಯಾರೂ ಹೀಯಾಳಿಸಿಯೂ ಇಲ್ಲ.

ಸ್ವರಗಳು ಹೀಗೆ ಅಕ್ಕಪಕ್ಕದ ಸ್ವರಗಳಿಗೆ ತಲೆದೂಗುವುದು ಲೋಕದಲ್ಲೆಲ್ಲ ಇದೆ. ಟರ್ಕಿಯ ಭಾಷೆಯಲ್ಲಿ ಬಹುವಚನದ ಪ್ರತ್ಯಯ ಹಿಂದಿನ ಸ್ವರವನ್ನು ನೋಡಿ ರೂಪ ಬದಲಿಸುತ್ತದೆ: ಮನೆಗಳಿಗೆ 'ಎವ್‌ಲೆರ್', ಕುದುರೆಗಳಿಗೆ 'ಅತ್‌ಲರ್'. ಅಲ್ಲಿ ಅದಕ್ಕೆ ಸ್ವರಸಾಮರಸ್ಯ ಎಂದು ಪಠ್ಯಪುಸ್ತಕದಲ್ಲಿ ಅಧ್ಯಾಯವಿದೆ. ನಮ್ಮಲ್ಲಿ 'ಬ್ಯಾಡ' ಎಂದ ಹುಡುಗನನ್ನು ತರಗತಿಯಲ್ಲಿ ನಿಲ್ಲಿಸುತ್ತಾರೆ. ಹಾಗೆ ನಿಲ್ಲಿಸಿ "ಯಾಕೆ ಹೀಗೆ ಹೇಳ್ತೀಯ" ಎಂದು ಗದರಿಸುವ ಮೇಷ್ಟ್ರ ಬಾಯಲ್ಲಿರುವ 'ಯಾಕೆ', ಹಳೆಯ 'ಏಕೆ' ಎಂಬುದಕ್ಕೆ ಅದೇ ನಿಯಮ ತಗುಲಿ ಹುಟ್ಟಿದ್ದು.

ಹಳಗನ್ನಡದ 'ಪಾಲ್' ಹೊಸಗನ್ನಡದಲ್ಲಿ 'ಹಾಲು' ಆಯಿತು ಸರಿ. ಈಗಿನವರು 'ಆಲು' ಎನ್ನುತ್ತಾರಲ್ಲ, ಇದನ್ನು ಸಹಿಸಬೇಕೇ?

ಸಹಿಸುವುದು ಬಿಡುವುದು ನಿಮ್ಮ ಇಷ್ಟ; ಅದು ಎಲ್ಲಿಂದ ಬಂತು ಎಂಬುದನ್ನಷ್ಟೇ ಹೇಳಬಲ್ಲೆ. ಸುಮಾರು 10ನೆಯ ಶತಮಾನದಿಂದ ಪದದ ಮೊದಲಿನ ಪಕಾರ ಹಕಾರವಾಗುತ್ತ ಬಂದು, ಕೆಲವು ಶತಮಾನಗಳಲ್ಲಿ ಪಾವು ಹಾವಾಯಿತು, ಪೂ ಹೂವಾಯಿತು; ತೆಲುಗು ತಮಿಳುಗಳಲ್ಲಿ ಪಕಾರ ಹಾಗೆಯೇ ಉಳಿಯಿತು. ಎರವಲು ಬಂದ ಪ್ರಾಣ ಎಂಬ ಪದವೂ ಈ ಹಾದಿಯಲ್ಲಿ ನಡೆದು 'ಹರಣ' ಆಯಿತು. ಆದರೆ ಅಪ್ಪ, ಉಪ್ಪು, ತುಪ್ಪಗಳ ಒತ್ತಿನ ಪಕಾರ ಅಲುಗಲಿಲ್ಲ.

ಜಪಾನಿನಲ್ಲೂ ಇದೇ ನಡೆದಿದೆ. ಅಲ್ಲಿಯ ಹಳೆಯ ಪಕಾರ ಮೊದಲು 'ಫೋನಿ'ನ ಫಕಾರದಂತಾಗಿ, ಮುಂದೆ ಹಕಾರವಾಯಿತು; 16ನೆಯ ಶತಮಾನದ ಪೋರ್ಚುಗೀಸ್ ಪಾದ್ರಿಗಳು ಆ ಪದಗಳನ್ನು ಫಕಾರದಲ್ಲೇ ಬರೆದಿಟ್ಟಿದ್ದಾರೆ. ನೂರಕ್ಕೆ ಅವರು 'ಹ್ಯಾಕು' ಎನ್ನುತ್ತಾರೆ. ಆದರೆ ಆರುನೂರು 'ರೊಪ್ಪ್ಯಾಕು'. ಒತ್ತಿನಲ್ಲಿದ್ದ ಪಕಾರ ಅಲ್ಲಿಯೂ ಉಳಿದುಕೊಂಡಿದೆ. ಸ್ಪೇನಿನಲ್ಲಿ ಲ್ಯಾಟಿನ್ನಿನ ಫಕಾರ ಹಕಾರವಾಗಿ, ಕೊನೆಗೆ ಅದೂ ಮಾತಿನಿಂದ ಮಾಯವಾಗಿ, ಈಗ ಬರವಣಿಗೆಯಲ್ಲಿ ಮಾತ್ರ ಇದೆ. ಹಕಾರ ಎಂದರೆ ಬರೀ ಉಸಿರು, ಅದು ಸೋರಿಹೋಗುವುದು ಸುಲಭ. ಕನ್ನಡದ ಕೆಲವು ಬಗೆಗಳಲ್ಲಿ 'ಆಲು' ಎಂಬುದು ಆ ದಾರಿಯ ಮುಂದಿನ ಹೆಜ್ಜೆ.

ಇದಕ್ಕೊಂದು ಸಾಮಾಜಿಕ ಫಲವೂ ಇದೆ. ಹಕಾರವಿಲ್ಲದ ಮಾತನ್ನು ಆಡಿ ನಗೆಗೀಡಾದವರು ವೇದಿಕೆಯ ಮೇಲೆ ಎಚ್ಚರ ವಹಿಸಲು ಹೋಗಿ, ಇಲ್ಲದ ಕಡೆಯೂ ಹಕಾರವನ್ನು ತರುತ್ತಾರೆ. 'ಆದರದ ಸ್ವಾಗತ' ಕೋರಲು ಹೊರಟವರು 'ಹಾದರದ ಸ್ವಾಗತ' ಕೋರಿದರೆಂಬ ಹಳೆಯ ಚಟಾಕಿ ಹುಟ್ಟಿದ್ದು ಈ ಅಂಜಿಕೆಯಿಂದ. ಅದು ಅಜ್ಞಾನದ ಗುರುತಲ್ಲ.

ತುಳು, ಕೊಡವ, ಬಡಗ ಭಾಷೆಗಳನ್ನು ಕನ್ನಡ ಲಿಪಿಯಲ್ಲಿ ಬರೆದರೆ ಸಾಲದೇ? ಧ್ವನಿಗಳು ಹೆಚ್ಚುಕಡಿಮೆ ಒಂದೇ ಅಲ್ಲವೇ?

ಹೆಚ್ಚಿನವು ಒಂದೇ, ಆದರೆ ಆ 'ಕಡಿಮೆ'ಯಲ್ಲೇ ವ್ಯಾಕರಣ ಅಡಗಿರುವುದುಂಟು. ತುಳುವಿನ 'ಬತ್ತೆ' ಎಂಬುದನ್ನು ಕನ್ನಡ ಲಿಪಿಯಲ್ಲಿ ಓದಿದರೆ ಅದು 'ನಾನು ಬಂದೆ'ಯೋ 'ಅವನು ಬಂದ'ನೋ ತಿಳಿಯುವುದಿಲ್ಲ. ತುಳುವರ ಬಾಯಲ್ಲಿ ಸಂದೇಹವೇ ಇಲ್ಲ: 'ನಾನು' ಎಂಬ ಅರ್ಥದಲ್ಲಿ ಕೊನೆಯ ಎಕಾರ ಅಗಲ, 'ಅವನು' ಎಂಬ ಅರ್ಥದಲ್ಲಿ ಕಿರಿದು. 'ನೀರ್' ಎಂದು ಬರೆದ ಪದದ ಕೊನೆಯಲ್ಲಿ ತುಟಿ ದುಂಡಾಗದ ಒಂದು ಅರೆ ಉಕಾರ ಇದೆ. ಅದಕ್ಕೆ ಅಕ್ಷರವಿಲ್ಲ, ಓದುವವರು ತಾವೇ ತುಂಬಿಕೊಳ್ಳುತ್ತಾರೆ. ಕೊಡವ ಭಾಷೆಯಲ್ಲಿಯೂ ಇಂಥ ನಡುನಾಲಿಗೆಯ ಸ್ವರಗಳಿವೆ, ಅವುಗಳಲ್ಲಿ ಹ್ರಸ್ವ ದೀರ್ಘಗಳೂ ಇವೆ. ನೀಲಗಿರಿಯ ಬಡಗ ಭಾಷೆ ಕನ್ನಡಕ್ಕೆ ತೀರ ಹತ್ತಿರದ್ದು. ಭಾಷಾವಿಜ್ಞಾನಿ ಎಮೆನೊ ಅವರು 1939ರಲ್ಲಿ ವರ್ಣಿಸಿದಂತೆ ಅದರ ಸ್ವರಗಳನ್ನು ನಾಲಿಗೆ ನೆಟ್ಟಗಿಟ್ಟು, ಅರ್ಧ ಮಡಿಸಿ, ಪೂರ್ತಿ ಮಡಿಸಿ, ಹೀಗೆ ಮೂರು ಹದಗಳಲ್ಲಿ ಉಚ್ಚರಿಸುತ್ತಿದ್ದರು. ಈಗಿನ ಮಾತಿನಲ್ಲಿ ಅದು ಬಹಳಷ್ಟು ಸವೆದಿದೆ. ಮಡಿಸಿದ ಸ್ವರ ಎಂಬುದೇ ಜಗತ್ತಿನ ಭಾಷೆಗಳಲ್ಲಿ ಅಪರೂಪ. ಅದೇ ಬೆಟ್ಟದ ತೋಡ ಭಾಷೆಯಲ್ಲಿ ನಾಲಿಗೆಯನ್ನು ಮೂರು ಬೇರೆ ಜಾಗಗಳಲ್ಲಿ ಅದುರಿಸುವ ಮೂರು ಬಗೆಯ ರಕಾರಗಳಿವೆ. ನಮ್ಮ ಲಿಪಿಯಲ್ಲಿ ಹಳೆಯ ಱಕಾರವನ್ನು ಮರಳಿ ಕರೆತಂದರೂ ಒಂದು ಕಡಿಮೆ ಬೀಳುತ್ತದೆ.

ಧ್ವನಿಮಾ ಎಂಬುದು ಭಾಷೆಯ ಅತಿ ಚಿಕ್ಕ ಘಟಕ ಎಂದು ಓದಿದೆ. ಅದನ್ನು ಇನ್ನೂ ಒಡೆಯಬಹುದೇ?

ಒಡೆಯಬಹುದು, ಒಡೆಯದಿದ್ದರೆ ನಮ್ಮ ಶಾಲೆಯ ಆದೇಶ ಸಂಧಿಯನ್ನೇ ವಿವರಿಸಲಾಗದು. ಮಳೆ ಮತ್ತು ಕಾಲ ಸೇರಿ ಮಳೆಗಾಲ, ಬೆಟ್ಟ ಮತ್ತು ತಾವರೆ ಸೇರಿ ಬೆಟ್ಟದಾವರೆ, ಕಣ್ ಮತ್ತು ಪನಿ ಸೇರಿ ಕಂಬನಿ. ಕ, ತ, ಪಗಳಿಗೆ ಕ್ರಮವಾಗಿ ಗ, ದ, ಬಗಳು ಬರುತ್ತವೆ ಎಂದು ಬಾಯಿಪಾಠ ಮಾಡಿದ್ದೇವೆ, ಆದರೆ ಆ 'ಕ್ರಮವಾಗಿ' ಎಂಬ ಪದದಲ್ಲೇ ಇಡೀ ಶಾಸ್ತ್ರವಿದೆ. ಕಕಾರ ಬಕಾರವಾಗದೆ ಗಕಾರವೇ ಏಕಾಗಬೇಕು? ಮೂರು ಕಡೆಯೂ ಸದ್ದು ಹುಟ್ಟುವ ಜಾಗ ಬದಲಾಗಿಲ್ಲ. ಗಂಟಲಿನ ನಾದತಂತುಗಳ ಅದುರು ಒಂದೇ ಸೇರಿಕೊಂಡಿದೆ. ಅಂದರೆ ಭಾಷೆ ಇಲ್ಲಿ ಮೂರು ಧ್ವನಿಗಳನ್ನು ಮುಟ್ಟಿಲ್ಲ, 'ಘೋಷ' ಎಂಬ ಒಂದು ಗುಣವನ್ನು ಮುಟ್ಟಿದೆ. ಪ್ರಾಗ್ ನಗರದ ಭಾಷಾವಿಜ್ಞಾನ ಪಂಥದ ಟ್ರುಬೆಟ್ಸ್ಕಾಯ್ ಮತ್ತು ಯಾಕೊಬ್ಸನ್ 20ನೆಯ ಶತಮಾನದ ಮೊದಲರ್ಧದಲ್ಲಿ ಈ ಭೇದಕ ಗುಣಗಳ ವಿಚಾರವನ್ನು ಬೆಳೆಸಿದರು. 1968ರಲ್ಲಿ ಅಮೆರಿಕದ ಭಾಷಾವಿಜ್ಞಾನಿಗಳಾದ ಚಾಮ್‌ಸ್ಕಿ ಮತ್ತು ಹ್ಯಾಲೆ ಇಡೀ ಇಂಗ್ಲಿಷ್ ಧ್ವನಿವ್ಯವಸ್ಥೆಯನ್ನು ಇಂಥ ಗುಣಗಳ ಕಟ್ಟುಗಳಿಂದ ವಿವರಿಸಿದರು. ಧ್ವನಿಗಳನ್ನು ಒಂಟಿಯಾಗಿ ಹೆಸರಿಸದೆ ಗುಂಪಾಗಿ ಹಿಡಿಯಬೇಕು ಎಂಬುದು ಪಾಣಿನಿಗೂ ಗೊತ್ತಿತ್ತು. ಅವನ ವ್ಯಾಕರಣದ ಆರಂಭದ 14 ಸೂತ್ರಗಳು ಧ್ವನಿಗಳನ್ನು ಪೋಣಿಸಿರುವ ರೀತಿಯಿಂದಾಗಿ 'ಅಚ್' ಎಂದರೆ ಎಲ್ಲ ಸ್ವರಗಳು, 'ಹಲ್' ಎಂದರೆ ಎಲ್ಲ ವ್ಯಂಜನಗಳು ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಬಹುದು.

ಎ ಅಥವಾ ಅ ಮುಂದಿದ್ದರೆ ಮಾತ್ರ ಬಾಯಿ ಅಗಲವಾಗುತ್ತದೆ ಎಂದಿರಿ. ನಮ್ಮ ಧಾರವಾಡದ ಕಡೆ 'ಬ್ಯಾಳಿ', 'ಪ್ಯಾಟಿ' ಎನ್ನುತ್ತೇವೆ. ಮುಂದೆ ಇರುವುದು ಇ! ನಿಯಮ ಸುಳ್ಳಾಯಿತಲ್ಲ?

ಇದನ್ನು ಕೇಳಿದವರಿಗೆ ನಾನು ಋಣಿ, ಏಕೆಂದರೆ ನಿಯಮದ ಗಟ್ಟಿತನ ತಿಳಿಯುವುದು ಇಂಥ ಕಡೆಯಲ್ಲೇ. ಧಾರವಾಡದ ಕಡೆಯ ಮಾತಿನಲ್ಲಿ ಎರಡು ನಿಯಮಗಳಿವೆ. ಒಂದು, ನೀವು ಹೇಳಿದ ಬಾಯಿ ಅಗಲವಾಗುವ ನಿಯಮ. ಇನ್ನೊಂದು, ಪದದ ಕೊನೆಯ ಎಕಾರ ಇಕಾರವಾಗುವ ನಿಯಮ. ಮನೆ 'ಮನಿ'ಯಾಗುವುದು, ಎಲೆ 'ಎಲಿ'ಯಾಗುವುದು ಅದರಿಂದ. ಬೇಳೆ ಎಂಬ ಪದದ ಮೇಲೆ ಮೊದಲು ಅಗಲಿಸುವ ನಿಯಮ ನಡೆದರೆ 'ಬ್ಯಾಳೆ', ಬಳಿಕ ಕೊನೆಯ ಎಕಾರ ಬದಲಾದರೆ 'ಬ್ಯಾಳಿ'. ಕಾರಣವಾದ ಎಕಾರ ತನ್ನ ಕೆಲಸ ಮುಗಿಸಿ ಮರೆಯಾಗಿದೆ, ಕಾರ್ಯ ಮಾತ್ರ ಉಳಿದಿದೆ. ಸರದಿ ತಿರುಗುಮುರುಗಾಗಿದ್ದರೆ ಮೊದಲು 'ಬೇಳಿ' ಆಗಿ, ಮುಂದೆ ಇಕಾರ ಕಂಡು ಬಾಯಿ ಅಗಲಿಸುವ ಪ್ರಮೇಯವೇ ಬರುತ್ತಿರಲಿಲ್ಲ.

ಇದು ನಿಜವೇ ಎಂದು ಪರೀಕ್ಷಿಸಲು ಮೂಲದಲ್ಲೇ ಇಕಾರವಿದ್ದ ಪದ ಬೇಕು. ಕೇರಿ ಎಂಬುದು ಅಂಥದು. ಅದನ್ನು ನಿಮ್ಮ ಕಡೆ ಯಾರಾದರೂ 'ಕ್ಯಾರಿ' ಎನ್ನುತ್ತಾರೆಯೇ? ಇಲ್ಲ. ಈಗಿನ ಮಾತಿನಲ್ಲಿ 'ಬ್ಯಾಳಿ'ಗೂ 'ಕೇರಿ'ಗೂ ಕೊನೆಯ ಸ್ವರ ಒಂದೇ ಆಗಿ ಕೇಳಿಸಿದರೂ, ಹಿಂದೆ ಅವು ಬೇರೆಯಾಗಿದ್ದುದನ್ನು ಅವುಗಳ ಮೊದಲ ಸ್ವರ ಇನ್ನೂ ನೆನಪಿಟ್ಟುಕೊಂಡಿದೆ.

ಧ್ವನಿಯೇ ಇಲ್ಲದ ಸನ್ನೆಭಾಷೆಗಳಿಗೆ ಇವೆಲ್ಲ ಅನ್ವಯಿಸುತ್ತವೆಯೇ?

ಅನ್ವಯಿಸುತ್ತವೆ. ಕಿವುಡರ ಸನ್ನೆಗಳು ಒಂದೊಂದೂ ಒಡೆಯಲಾಗದ ಚಿತ್ರ ಎಂದು ಬಹುಕಾಲ ಭಾವಿಸಲಾಗಿತ್ತು. 1960ರಲ್ಲಿ ವಿಲಿಯಂ ಸ್ಟೋಕಿ ಅಮೆರಿಕದ ಸನ್ನೆಭಾಷೆಯನ್ನು ಪರಿಶೀಲಿಸಿ, ಪ್ರತಿಯೊಂದು ಸನ್ನೆಯೂ ಕೈಯ ಆಕಾರ, ಅದು ನಿಲ್ಲುವ ಜಾಗ, ಅದರ ಚಲನೆ ಎಂಬ ಚಿಕ್ಕ ಘಟಕಗಳಿಂದ ಕಟ್ಟಿದ್ದೆಂದು ತೋರಿಸಿದರು. ಕೈಯ ಆಕಾರ, ಚಲನೆ ಎರಡೂ ಅವೇ ಇದ್ದು, ಹಣೆಯ ಮುಂದೆ ಮಾಡಿದ್ದನ್ನು ಗಲ್ಲದ ಮುಂದೆ ಮಾಡಿದರೆ ಅರ್ಥವೇ ಬೇರೆಯಾಗುವ ಸನ್ನೆಗಳಿವೆ. ಅವು ಆ ಭಾಷೆಯ ಅನ್ನ ಅಣ್ಣಗಳು.